ಗ್ರೀಸಿನೊಳಗೆ ಹಸಿರು ಎಳೆ

ಒಂದ್ನಿಮಿಷ, ಕೈಲಿರೋದನ್ನ ಪಕ್ಕಕ್ಕಿಟ್ಟು ಇದನ್ನ ಪೂರ್ತಿ ಕೇಳಿಬಿಡಿ. ಅರ್ಧಕ್ಕೇ ಎದ್ದು ಹೋದ್ರೆ ನೀವು ಯಾರನ್ನೋ ಬೈಯೋ ಬದ್ಲು ಇನ್ಯಾರನ್ನೋ ಬೈಕೊಂಡು ಮಲಗ್ತೀರ.

ಬೆಳಗ್ಗೆ ತಿಂದಿದ್ದು ಇನ್ನೂ ಗಂಟಲಿಂದ ಇಳಿದಿರ್ಲಿಲ್ಲ, ನಾನಾಗ್ಲೇ ಪಿಕಪ್ಪಿನ ಹೊಟ್ಟೆ ಕೆಳಗೆ ಅಂಗಾತ ಮಲಗಿದ್ದೆ. ಒಣಗಿದ ಮಣ್ಣು ಪುಡಿಪುಡಿಯಾಗಿ ಮೂಗಿನ ಮೇಲೆ ಉದುರ್ತಿತ್ತು. ಹೊರಗೆ ಅತ್ತೆ ಸ್ಟೂಲ್ ಹಾಕ್ಕೊಂಡು ಕೂತು, ಊರುಗೋಲಲ್ಲಿ ಟೈರಿಗೆ ಕುಟ್ತಾ ಇದ್ರು. ಬೇಗ ನೋಡು ಅಂತ ಅದರ ಅರ್ಥ.

ಅತ್ತೆ ಒಂದು ಕಾಲದಲ್ಲಿ ವಿಮಾ ಕಂಪನಿಗೋಸ್ಕರ ಅಪಘಾತ ಆದ ಗಾಡಿಗಳನ್ನ ಪರೀಕ್ಷೆ ಮಾಡ್ತಿದ್ದವರು. ಅವರು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ, ಅದರ ಮೇಲೆ ಅಪೀಲಿಲ್ಲ. ಈಗ ಮಂಡಿ ಮಡಚಲ್ಲ. ಅದಕ್ಕೇ ನಮ್ಮಿಬ್ಬರಲ್ಲಿ ಒಂದು ಒಪ್ಪಂದ ಇದೆ: ತಲೆ ಅವರದು, ಮಂಡಿ ನನ್ನದು.

ಆವತ್ತು ನನ್ನ ತಲೇಲಿ ಬೇರೇನೇ ಓಡ್ತಿತ್ತು. ಕಳೆದ ವಾರ, ಈ ಗಾಡಿ ಗುದ್ದಿದ ಮರುದಿನ, ಮಾವನ ಅಂಗಿ ಒಗೆಯೋಕೆ ಹಾಕುವಾಗ ಜೇಬಿಂದ ಇದೇ ಪಿಕಪ್ಪಿನ ಕೀಲಿ ಬಿತ್ತಲ್ಲ, ನೀಲಿ ಗಾಜಿನ ಮಣಿ ಕಟ್ಟಿದ್ದ ಕೀಲಿ, ಅದನ್ನ ನಾನಿನ್ನೂ ಅತ್ತೆಗೆ ಹೇಳಿರ್ಲಿಲ್ಲ. ಅತ್ತೆಯ ಗಂಡನೇ ನಮ್ಮ ಮಾವ. ಈ ಪಿಕಪ್ಪಿಗೆ ಹೊಸ ಶಾಫ್ಟ್ ಹಾಕಿದ್ದೂ ಮಾವನೇ. ಮನೇಲಿರೋರನ್ನೇ ಅನುಮಾನದಿಂದ ನೋಡೋದು ಅಂದ್ರೆ ಅನ್ನದಲ್ಲಿ ಕಲ್ಲು ಹುಡುಕ್ತಾ ಊಟ ಮಾಡಿದ ಹಾಗೆ. ಹೊಟ್ಟೆ ತುಂಬಲ್ಲ, ಹಲ್ಲಿಗೂ ನೆಮ್ಮದಿಯಿಲ್ಲ.

ಗಾಡಿ ಗಾಜಿನಂಗಡಿಯದು. ಅಂಗಡಿ ಒಡತೀನ ಎಲ್ಲರೂ ಗಾಜಮ್ಮ ಅಂತಾರೆ. ಆಳೆತ್ತರದ ಗಾಜುಗಳನ್ನ ನಿಲ್ಲಿಸ್ಕೊಂಡು ಹೋಗೋಕೆ ಅಂತ್ಲೇ ತಂದಿದ್ದ ಉದ್ದ ಪಿಕಪ್ಪು ಅದು, ಮುಂದೆ ಎರಡು ಸಾಲು ಸೀಟು, ಹಿಂದೆ ಹಾಸಿಗೆಗಿಂತ ಉದ್ದದ ತೊಟ್ಟಿ. ಇಳಿಜಾರಿನ ಬೀದೀಲಿ ಇಳೀತಾ ಎಡಗಡೆ ಗೇಟಿನ ಕಂಬಕ್ಕೆ ಹೊಡೀತು. ಗಾಜೆಲ್ಲ ಪುಡಿ. ಹಿಂದೆ ಗಾಜು ಹಿಡ್ಕೊಂಡು ನಿಂತಿದ್ದ ಗಾಜು ಕೂರಿಸೋನು ಎಗರಿ ಬಿದ್ದು ಕಾಲು ಮುರ್ಕೊಂಡ. ಅವನಿಗೆ ದಢ್ ಅಂದಿದ್ದು ಬಿಟ್ರೆ ಇನ್ನೇನೂ ನೆನಪಿಲ್ಲ.

ಓಡಿಸ್ತಿದ್ದ ಅಂಗಡಿ ಡ್ರೈವರ್ ತಾತ ಹೇಳಿದ್ದು ಇಷ್ಟೇ: ಕೆಳಗೆ ಶಾಫ್ಟ್ ಕಳಚಿ ಬಿತ್ತು, ಗಾಡಿ ಎಡಕ್ಕೆ ಎಳೀತು. ಜನ ಬಗ್ಗಿ ನೋಡಿದ್ರು, ಶಾಫ್ಟ್ ನಿಜವಾಗ್ಲೂ ನೆಲದ ಮೇಲೆ ಬಿದ್ದಿತ್ತು. ಅಲ್ಲಿಗೆ ಎಲ್ಲರ ಬೆರಳೂ ಮಾವನ ಕಡೆ ತಿರುಗ್ತು.

ನಾನು ಗಾಡಿ ಕೆಳಗೆ ಮಲಗಿದ್ದ ದಿನ ಮಧ್ಯಾಹ್ನವೇ ತನಿಖೆ ಸಾಹೇಬ್ರು ಮಾವನ ಗ್ಯಾರೇಜಿಗೆ ಬರೋರಿದ್ರು. ಶಾಫ್ಟ್ ಕೆಲಸದಲ್ಲಿ ತಪ್ಪಿದೆ ಅಂತಾದ್ರೆ ಬಾಗಿಲಿಗೆ ಮೊಹರು. ಆಮೇಲೆ ಮಾವ ಯಾರ ಗಾಡೀನೂ ಮುಟ್ಟೋ ಹಾಗಿಲ್ಲ. ಜಗಳ ಆಡಬೇಕಾದ ಮನುಷ್ಯ ಏನಂದ್ರು ಗೊತ್ತಾ? ಕೆಲಸ ನಂದು, ತಪ್ಪೂ ನಂದೇ ಇರಬೇಕು, ಅಂದ್ರು. ಅತ್ತೆ ತಟ್ಟೆ ಕುಕ್ಕಿ, "ಇರಬೇಕು, ಬರಬೇಕು, ಸಾಯಬೇಕು, ಇದೆಲ್ಲ ನನ್ನ ವರದೀಲಿ ನಡೆಯಲ್ಲ" ಅಂದ್ರು. ನಾವಿಬ್ಬರೂ ಗಾಜಿನಂಗಡಿ ಹಿತ್ತಲಿಗೆ ಬಂದಿದ್ದು ಹಾಗೆ. ಜಜ್ಜಿದ ಗಾಡೀನ, ಬಿದ್ದಿದ್ದ ಶಾಫ್ಟನ್ನ, ಎಲ್ಲಾನೂ ಇದ್ದ ಹಾಗೇ ತಂದು ಇಲ್ಲಿ ಹಾಕಿ ಸುತ್ತ ಹಗ್ಗ ಕಟ್ಟಿದ್ರು. ಸಂಜೆ ಹೊತ್ತಿಗೆ ಎಲ್ಲಾ ಗುಜರಿಗೆ.

"ಮೊದಲು ಬೆಸುಗೆ ನೋಡು," ಅಂದ್ರು ಅತ್ತೆ.

ಇಲ್ಲಿ ಒಂಚೂರು ಗಾಡಿ ವಿಷಯ ಹೇಳ್ಬೇಕು, ಬೇಜಾರು ಮಾಡ್ಕೋಬೇಡಿ, ನಂಗಂತೂ ಇದು ಹಬ್ಬದೂಟ. ಇಂಜಿನ್ನು ಮುಂದೆ, ತಿರುಗೋ ಚಕ್ರ ಹಿಂದೆ. ನಡುವೆ ಆ ತಿರುಗಾಟಾನ ಒಯ್ಯೋ ಕೊಳವೆಯೇ ಶಾಫ್ಟ್. ಗಾಡಿ ಇಷ್ಟುದ್ದ ಇದ್ದಾಗ ಕಂಪನಿಯವರು ಅದನ್ನ ಎರಡು ತುಂಡು ಮಾಡಿ, ನಡುವೆ ಒಂದು ಬೇರಿಂಗಿಗೆ ನೇತುಹಾಕಿರ್ತಾರೆ. ಆ ಬೇರಿಂಗಿನ ರಬ್ಬರು ಸಡಿಲ ಆಯ್ತು ಅಂದ್ರೆ ಹೊರಡುವಾಗ್ಲೆಲ್ಲ ಗಾಡಿ ಚಳಿ ಹಿಡಿದ ನಾಯಿ ಥರ ನಡುಗುತ್ತೆ. ತರಕಾರಿ ಗಾಡಿಗಾದ್ರೆ ಪರವಾಗಿಲ್ಲ, ಗಾಜಿನ ಗಾಡಿ ನಡುಗಿದ್ರೆ?

ಮಾವ ಆ ಎರಡು ತುಂಡನ್ನೂ ಕಿತ್ತು, ನಡುವಿನ ಬೇರಿಂಗನ್ನೂ ಬಿಸಾಕಿ, ಒಂದೇ ಉದ್ದ ಶಾಫ್ಟ್ ಮಾಡಿಸಿದ್ರು. ಉದ್ದ ಜಾಸ್ತಿಯಾದ್ರೆ ಕೊಳವೆ ಸ್ಕಿಪ್ಪಿಂಗ್ ಹಗ್ಗದ ಹಾಗೆ ನಡುವಲ್ಲಿ ಬಳುಕುತ್ತೆ, ಅದಕ್ಕೇ ಹಳೇದಕ್ಕಿಂತ ದಪ್ಪ ಕೊಳವೆ ಬೇಕು. ಅಳತೆ ತಗೊಳ್ಳುವಾಗ ಗಾಡೀನ ಜಾಕ್ ಮೇಲೆ ಎತ್ತಬಾರದು, ಅದರ ಭಾರ ಅದರ ಚಕ್ರದ ಮೇಲೇ ಇರಬೇಕು. ಮಾವ ತೊಟ್ಟೀಲಿ ಗಾಜೂ ಹೇರಿಸಿ ಅಳೆದಿದ್ರು. ಲೇತು ಅಂಗಡಿ ಲೇತಣ್ಣ ಬೆಸುಗೆ ಹಾಕಿ, ತಿರುಗಿಸಿ, ತೂಕ ಸರಿ ಮಾಡಿ ಕೊಟ್ಟ. ಶಾಫ್ಟ್ ಹಾಕಿದ ದಿನ ಗಾಡಿ ಹೊರಟಿದ್ದು ನೋಡಬೇಕಿತ್ತು. ಬೆಣ್ಣೇಲಿ ಕೂದಲು ಎಳೆದ ಹಾಗೆ.

ನಾನು ಸ್ಪ್ಯಾನರಿಂದ ಬೆಸುಗೆ ಪಕ್ಕ ತಟ್ಟಿದೆ. ಟಿಂಗ್ ಅಂತು, ಸುಮಾರು ಹೊತ್ತು ಗುಂಯ್ಗುಟ್ತು. ಬಿರುಕು ಬಿಟ್ಟಿದ್ರೆ ಒಡೆದ ಮಡಕೆ ಥರ ಡಬ್ ಅಂತಿತ್ತು. ಹೊರಗಿಂದ ಅತ್ತೆ, ಲೇತಣ್ಣನ ಹೆಸರು ಹೊಡೆದುಹಾಕು, ಅಂದ್ರು. ಹಾಗಾದ್ರೆ ಇನ್ನುಳಿದಿದ್ದು ಬೋಲ್ಟು. ಬೋಲ್ಟು ಅಂದ್ರೆ ಮಾವ.

ನಾಲ್ಕೂ ಬೋಲ್ಟು ರಸ್ತೇಲಿ ಒಂದೇ ಜಾಗದಲ್ಲಿ ಸಿಕ್ಕಿದ್ವಂತೆ, ಒಂದು ಚೀಲದಲ್ಲಿ ಹಾಕಿ ಶಾಫ್ಟಿಗೇ ಕಟ್ಟಿದ್ರು. ನಾನು ಟಾರ್ಚ್ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದೆ.

ಮಾವನಿಗೆ ಒಂದು ಅಭ್ಯಾಸ. ಬೋಲ್ಟು ಕೊನೇ ಸುತ್ತು ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೆರೆ ಎಳೀತಾರೆ, ಅದೂ ಅತ್ತೆಯ ಉಗುರು ಬಣ್ಣದಲ್ಲಿ. ಬೋಲ್ಟು ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ತುಂಡಾಗಿ ಕಾಣುತ್ತೆ. ಅತ್ತೆ ಉಗುರು ಬೋಳಾಗಿದೆ ಅಂದ್ರೆ ಊರಲ್ಲಿ ಯಾರದೋ ಬ್ರೇಕ್ ಸರಿಯಾಗಿದೆ ಅಂತ ಲೆಕ್ಕ.

ಗೆರೆ ಇತ್ತು, ಕೆಂಪಗೆ. ಆದ್ರೆ ನಾಲ್ಕೂ ಬೋಲ್ಟಿನ ತಲೆ ಮೂಲೆಗಳಲ್ಲಿ ಬಣ್ಣ ಕೆತ್ತಿಹೋಗಿತ್ತು, ಸ್ಪ್ಯಾನರು ಕೂತ ಕಡೆಯೆಲ್ಲ. ಮಾವ ಗೆರೆ ಎಳೆದಾದ್ಮೇಲೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ. ಅದು ಬಿಗಿಯೋಕಾ, ಬಿಚ್ಚೋಕಾ?

"ಮೇಲೆ ತಗಡು ಹೇಗಿದೆ?" ಅತ್ತೆ ಕೇಳಿದ್ರು. "ಏಟು ಬಿದ್ದಿದೆಯಾ?"

ತಲೆ ಎತ್ತಿದೆ. ಓಡೋ ಗಾಡೀಲಿ ಶಾಫ್ಟಿನ ಹಿಂದಿನ ತುದಿ ಕಳಚ್ಕೊಂಡ್ರೆ ಅದು ಸುಮ್ಮನೆ ಬೀಳಲ್ಲ. ತಿರುಗ್ತಾನೇ ಇರುತ್ತೆ, ಹುಚ್ಚು ಹಿಡಿದ ಒನಕೆ ಥರ ಮೇಲಿನ ತಗಡು, ಹೊಗೆ ಕೊಳವೆ, ಬ್ರೇಕಿನ ಪೈಪು ಎಲ್ಲಾನೂ ಚಚ್ಚಿಹಾಕುತ್ತೆ. ನಾನು ಬೆಳಕು ಹಿಡಿದು ಮುಂದಿಂದ ಹಿಂದಕ್ಕೆ ನೋಡಿದೆ, ಹಿಂದಿಂದ ಮುಂದಕ್ಕೆ ನೋಡಿದೆ. ತಗಡು ಕನ್ನಡಿ ಥರ ಸಪಾಟ. ಒಂದು ಗೀರಿಲ್ಲ.

ಅಂದ್ರೆ ಇದು ಓಡುವಾಗ ಬಿದ್ದಿದ್ದಲ್ಲ. ನಿಂತ ಗಾಡಿಯಿಂದ ಬಿಚ್ಚಿ ಇಳಿಸಿದ್ದು.

ಮಾವ ಬಚಾವು, ಅಂತ ಕೂಗೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಬೆಳಕು ಶಾಫ್ಟಿನ ತುದಿಗೆ ಬಿತ್ತು.

ಶಾಫ್ಟಿನ ತುದೀಲಿ ಕ್ರಾಸ್ ಅಂತ ಇರುತ್ತೆ, ಕೂಡಿಸೋ ಗುರುತಿನ ಆಕಾರ. ಅದರ ನಾಲ್ಕು ಕೈಗೂ ನಾಲ್ಕು ಪುಟ್ಟ ಕಬ್ಬಿಣದ ಟೋಪಿ. ಟೋಪಿಯೊಳಗೆ ಸೂಜಿಯಂಥ ಸಣ್ಣ ಸಣ್ಣ ರೋಲರುಗಳು ಗ್ರೀಸಿನಲ್ಲಿ ಅಂಟ್ಕೊಂಡು ನಿಂತಿರ್ತವೆ. ಶಾಫ್ಟ್ ಬಿಚ್ಚಿದ ಕೂಡ್ಲೇ ಹೊರಗಡೆಯ ಎರಡು ಟೋಪಿ ಸಡಿಲ ಆಗ್ತವೆ. ಕೈ ಜಾರಿದ್ರೆ ಟೋಪಿ ಒಂದು ಕಡೆ, ಸೂಜಿಗಳು ಊರೆಲ್ಲ. ಇದು ರಸ್ತೆಗೆ ಬಿದ್ದ ಶಾಫ್ಟ್ ಅಲ್ವಾ, ಟೋಪಿ ಇರಲೇಬಾರದಿತ್ತು.

ಎರಡೂ ಇದ್ವು. ಮಗುಗೆ ಕುಲಾವಿ ಕಟ್ಟಿದ ಹಾಗೆ ಸರಿಯಾಗಿ ಕೂತಿದ್ವು. ಯಾರೋ ಬಿಚ್ಚುವಾಗ ಬಟ್ಟೆ ಸುತ್ತಿ ಜೋಪಾನ ಮಾಡಿ, ಕೆಳಗಿಳಿಸಿ, ಆಮೇಲೆ ಬಟ್ಟೆ ತೆಗೆದುಕೊಂಡು ಹೋಗಿದ್ರು. ಟೋಪಿಯ ಅಂಚಿನ ಗ್ರೀಸಲ್ಲಿ ಒಂದು ಎಳೆ ಸಿಕ್ಕಾಕ್ಕೊಂಡಿತ್ತು.

ಹಸಿರು ಎಳೆ. ಕಂಬಳೀದು.

 ಆ ಹಸಿರು ನಂಗೆ ಗೊತ್ತು. ಹಿಂದೊಮ್ಮೆ ನನ್ನನ್ನ ಅಂಥ ಕಂಬಳೀಲೇ ಸುತ್ತಿ ಮಲಗಿಸಿದ್ರು.

"ಏನಾಯ್ತೇ, ನಿದ್ದೆ ಹೋದ್ಯಾ?" ಅತ್ತೆ ಊರುಗೋಲು ಮತ್ತೆ ಟೈರಿಗೆ ಬಿತ್ತು.

"ಮಣ್ಣು ಕೂತಿದೆ ಅತ್ತೆ, ಸರಿ ಕಾಣ್ತಿಲ್ಲ. ಒರೆಸಿ ನೋಡ್ಬೇಕು."

ಹಾಗಂದು ಆ ಎಳೇನ ಉಗುರಿಂದ ಎತ್ತಿ ಬೆರಳಿಗೆ ಸುತ್ಕೊಂಡೆ. ಹೊರಗೆ ಬಂದಾಗ ಅತ್ತೆ ನನ್ನ ಮುಖಾನೇ ನೋಡಿದ್ರು. ಏನೋ ನುಂಗಿದೀಯ, ಅಂದ್ರು, ಅಷ್ಟೇ. ನಾನು ನೀರು ಕುಡಿದು ಬರ್ತೀನಿ ಅಂದೆ. ಅವರು ರಿಕ್ಷಾ ಹತ್ತಿ, ತಗಡು ಒರೆಸಿ ನೋಡ್ಕೊಂಡು ಸಾಹೇಬ್ರು ಬರೋದ್ರೊಳಗೆ ಗ್ಯಾರೇಜಿಗೆ ಬಾ ಅಂತ ಹೇಳಿ ಹೋದ್ರು.

ನಾನು ಚಿಕ್ಕೋಳಿದ್ದಾಗ ಇದೇ ಗಾಜಿನಂಗಡೀಲಿ ಆಡ್ತಾ ಆಡ್ತಾ ನಿಲ್ಲಿಸಿಟ್ಟಿದ್ದ ಗಾಜಿನ ಮೇಲೆ ಬಿದ್ದಿದ್ದೆ. ಒಂದು ಚೂರು ಕಿವಿ ಕೆಳಗೆ, ಕುತ್ತಿಗೇಲಿ ನಾಟಿತ್ತು. ಅಂಗಡಿ ಡ್ರೈವರು ನನ್ನನ್ನ ಗಾಜಿಗೆ ಹೊದಿಸೋ ಹಸಿರು ಕಂಬಳೀಲಿ ಸುತ್ತಿ, ಹಿಂದಿನ ಸೀಟಲ್ಲಿ ಅತ್ತೆ ತೊಡೆ ಮೇಲೆ ಮಲಗಿಸಿ ಆಸ್ಪತ್ರೆಗೆ ಗಾಡಿ ಓಡಿಸಿದ್ರು. ಅತ್ತೆ ಬೇಗ ಬೇಗ ಅಂತ ಅಳ್ತಿದ್ರಂತೆ. ಅವರು ಬೇಗ ಓಡಿಸ್ಲಿಲ್ಲ. ಒಂದು ಕುಲುಕೂ ಇಲ್ದೇ ಓಡಿಸಿದ್ರು. ಡಾಕ್ಟರಮ್ಮ ಆಮೇಲೆ ಅಂದ್ರಂತೆ, ಚೂರು ಭತ್ತದ ಕಾಳಷ್ಟು ಅಲುಗಿದ್ರೂ ಮಗು ಉಳೀತಿರ್ಲಿಲ್ಲ ಅಂತ.

ಆ ಡ್ರೈವರೇ ಈ ತಾತ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇವರ ಗಾಡೀಲಿ ತುಂಬಿದ ಲೋಟಾನೂ ತುಳುಕಲ್ಲ. ಅದಕ್ಕೇ ಜನ ತಮಾಷೆಗೆ ಉಲ್ಟಾ ಹೆಸರಿಟ್ಟು ತುಳುಕಪ್ಪ ಅಂತಾರೆ. ನಂಗೆ ಸ್ಟೇರಿಂಗ್ ಹಿಡಿಯೋಕೆ ಕಲಿಸಿದ್ದೂ ಅವರೇ, ಡ್ಯಾಶ್‌ಬೋರ್ಡ್ ಮೇಲೆ ಲೋಟದಲ್ಲಿ ನೀರಿಟ್ಟು. ನೀರು ಚೆಲ್ಲಿದ್ರೆ ಮತ್ತೆ ಮೊದಲಿಂದ.

ತುಳುಕಪ್ಪ ತಾತ ಇರೋದು ಅದೇ ಅಂಗಡಿ ಹಿತ್ತಲ ಮೂಲೇಲಿ, ಒಂಟಿ ಕೋಣೆ. ಬಾಗಿಲು ತೆಗೆದೇ ಇತ್ತು. ಗೋಡೆಗೆಲ್ಲ ಕನ್ನಡಿಯ ತುಂಡುಗಳನ್ನ ಒರಗಿಸಿಟ್ಟಿದ್ರು, ಅಂಗಡೀಲಿ ಉಳಿದಿದ್ದು. ಸ್ಟವ್ ಮೇಲೆ ಟೀ ಕುದೀತಿತ್ತು. ನಾನು ಹೋಗಿ ಅವರ ಎಡಕ್ಕೆ, ಕೈಗೆಟುಕುವಷ್ಟು ಹತ್ರ ನಿಂತೆ.

ಅವರು ತಿರುಗ್ಲಿಲ್ಲ. ಸಕ್ಕರೆ ಹಾಕಿದ್ರು, ಕಲಸಿದ್ರು, ಏನೋ ಗೊಣಗ್ಕೊಂಡ್ರು. ಎದುರಿನ ಕನ್ನಡಿ ತುಂಡಲ್ಲಿ ನಾನು ಅರ್ಧ ಕಾಣ್ತಿದ್ದೆ. ಅದೂ ಅವರ ಕಣ್ಣಿಗೆ ಬೀಳ್ಲಿಲ್ಲ.

ನಾನು ಎರಡು ಹೆಜ್ಜೆ ಮುಂದಿಟ್ಟು ಎದುರಿಗೆ ಬಂದೆ.

"ಓ, ಮರಿ. ಯಾವಾಗ ಬಂದೆ? ಬೆಕ್ಕಿನ ಥರ ಬರ್ತೀಯಲ್ಲ."

ಕೂತ್ಕೋ ಅಂದ್ರು, ಇನ್ನೊಂದು ಲೋಟ ಇಟ್ಟು ಟೀ ಬಗ್ಗಿಸಿದ್ರು. ನನ್ನ ಲೋಟ ಎತ್ತಿ ಕೊಡೋಕೆ ಹೋದಾಗ ಅವರ ಮೊಣಕೈ ಎಡಗಡೆ ಇದ್ದ ಅವರದೇ ಲೋಟಕ್ಕೆ ತಾಗ್ತು. ಟೀ ಮೇಜಿಂದ ನೆಲಕ್ಕೆ ಇಳೀತು.

ತುಳುಕಪ್ಪನ ಕೈಲಿ ತುಳುಕಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಇಬ್ಬರೂ ಒರೆಸೋಕೆ ಏಳ್ಲಿಲ್ಲ. ಅದು ತೊಟ್ಟಿಕ್ಕೋದನ್ನೇ ಕೇಳ್ತಾ ಕೂತಿದ್ವಿ.

ಬೆರಳಿಗೆ ಸುತ್ತಿದ್ದ ಎಳೇನ ಬಿಚ್ಚಿ ಮೇಜಿನ ಮೇಲೆ, ಅವರ ಕಣ್ಣೆದುರಿಗೇ ಇಟ್ಟೆ.

"ಟೋಪಿ ಎರಡೂ ಸರಿಯಾಗಿ ಕೂತಿದ್ವು, ತಾತ."

ಅವರು ಎಳೇನ ನೋಡಿದ್ರು. ಆಮೇಲೆ ನಕ್ಕರು. ಸಿಕ್ಕಿಬಿದ್ದ ನಗು ಅಲ್ಲ ಅದು. ತಾನು ಕಟ್ಟಿಕೊಟ್ಟ ಬುತ್ತೀನ ಯಾರೋ ಬಿಚ್ಚಿ, ಚೆನ್ನಾಗಿದೆ ಅಂದಾಗ ಬರುತ್ತಲ್ಲ, ಆ ನಗು.

"ಸೂಜಿ ಉದುರಿಹೋಗ್ತಿತ್ತಲ್ಲೇ," ಅಂದ್ರು. "ನಿನ್ನ ಮಾವ ಅಷ್ಟು ಚೆಂದ ಮಾಡಿಕೊಟ್ಟಿದ್ದು. ಮಣ್ಣುಪಾಲು ಮಾಡೋಕೆ ಕೈ ಬರ್ಲಿಲ್ಲ."

ಕೆಟ್ಟ ಕೆಲಸಾನೂ ಇಷ್ಟು ಚೊಕ್ಕವಾಗಿ ಮಾಡಿ ಸಿಕ್ಕಿಬೀಳೋರು ಇವರೊಬ್ಬರೇ ಇರಬೇಕು. ಶಾಫ್ಟನ್ನ ದಡಾರಂತ ಬೀಳಿಸಿ, ಸೂಜಿಗಳನ್ನ ಚೆಲ್ಲಾಪಿಲ್ಲಿ ಮಾಡಿದ್ರೆ ಅರ್ಧ ಲೋಕ ನಂಬ್ತಿತ್ತು.

ಮಿಕ್ಕಿದ್ದನ್ನ ಅವರೇ ಹೇಳಿದ್ರು, ಒಂದೊಂದೇ ಮಾತು, ಗೇರು ಬದಲಾಯಿಸಿದ ಹಾಗೆ ನಿಧಾನಕ್ಕೆ. ಕಣ್ಣಿನ ಅಂಚು ಕಪ್ಪಾಗ್ತಾ ಬಂದಿದೆ. ಎದುರಿಗಿರೋದು ಹರಳಿನ ಹಾಗೆ ಕಾಣುತ್ತೆ, ಪಕ್ಕದ್ದು ಕಾಣಲ್ಲ, ಕೊಳವೆಯೊಳಗಿಂದ ನೋಡಿದ ಹಾಗೆ. ಯಾರಿಗೂ ಹೇಳಿರ್ಲಿಲ್ಲ. ಡ್ರೈವರ್ ಅಲ್ಲ ಅಂದ್ಮೇಲೆ ಈ ಕೋಣೆ ಯಾಕೆ, ತಾನು ಯಾರು, ಅದೇ ಅವರಿಗೆ ಹೆದರಿಕೆ. ಆವತ್ತು ಎಡಗಡೆ ಗೇಟಿನ ಕಂಬ ಇದೆ ಅನ್ನೋದೇ ಗೊತ್ತಾಗ್ಲಿಲ್ಲ. ಗಾಜು ಕೂರಿಸೋನನ್ನ ಬೀದಿಯವರು ಇನ್ನೊಂದು ಗಾಡೀಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಇವರೊಬ್ಬರೇ ಉಳಿದ್ರು. ಭಯಕ್ಕೆ ಬುದ್ಧಿ ಇರಲ್ಲ. ಜನ ವಾಪಸ್ ಬರೋದ್ರೊಳಗೆ ಸ್ಪ್ಯಾನರ್ ತಗೊಂಡು ಗಾಡಿ ಕೆಳಗೆ ನುಗ್ಗಿದ್ರು.

ಆ ಬೋಲ್ಟುಗಳ ಜಾಗ ಇಕ್ಕಟ್ಟು, ಅಂಗಡೀಲಿ ಸಿಗೋ ಸ್ಪ್ಯಾನರ್ ಹೋಗಲ್ಲ. ಮಾವನೇ ಒಂದನ್ನ ಉಜ್ಜಿ ತೆಳ್ಳಗೆ ಮಾಡಿ, ದಾರೀಲಿ ಬೇಕಾಗಬಹುದು ಅಣ್ಣ, ಅಂತ ಇವರ ಕೈಗೆ ಕೊಟ್ಟಿದ್ರು. ಈಗ ಅದು ಮಂಚದ ಕೆಳಗಿತ್ತು, ಹಸಿರು ಕಂಬಳಿ ತುಂಡಲ್ಲಿ ಸುತ್ತಿ. ತೆಗೆದು ನನ್ನ ಮುಂದಿಟ್ರು.

ನಂಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಬರಲಿಲ್ಲ ಅಂತ ಸುಳ್ಳು ಹೇಳಲ್ಲ.  ಆದ್ರೆ ಆ ಕಂಬಳಿ ನೋಡ್ತಿದ್ದ ಹಾಗೇ ಕೈ ತಾನಾಗೇ ಕಿವಿ ಕೆಳಗಿನ ಗಾಯದ ಗುರುತಿಗೆ ಹೋಯ್ತು. ನಾನು ಇಲ್ಲಿ ಕೂತು ಸಿಟ್ಟು ಮಾಡ್ಕೊಳ್ಳೋಕೆ ಜೀವ ಅಂತ ಒಂದು ಇದೆಯಲ್ಲ, ಅದನ್ನ ಕುಲುಕದೇ ತಂದುಕೊಟ್ಟಿದ್ದೇ ಈ ಮನುಷ್ಯ.

"ನಮ್ಮ ಮಾವನ ಬಾಗಿಲಿಗೆ ಮೊಹರು ಬೀಳುತ್ತೆ ತಾತ, ಇವತ್ತೇ."

"ಗೊತ್ತು."

"ಗೊತ್ತಿದ್ದೂ ಸುಮ್ಮನಿದೀರಲ್ಲ."

 ನೆಲದ ಮೇಲಿನ ಟೀಗೆ ಇರುವೆ ಬರೋಕೆ ಶುರುವಾಗಿತ್ತು.

"ಕೀಲಿ ಎಲ್ಲಿದೆ ಅಂತ ನೀನು ಕೇಳ್ಲೇ ಇಲ್ಲ," ಅಂದ್ರು ಆಮೇಲೆ.

ಮಾವನ ಜೇಬಿಂದ ಬಿದ್ದಿದ್ದು ನೆನಪಾಯ್ತು. ನೀಲಿ ಮಣಿ.

"ಆವತ್ತು ಸಂಜೆನೇ ನಿನ್ನ ಮಾವನ ಹತ್ರ ಹೋಗಿ ಎಲ್ಲಾ ಒಪ್ಪಿಕೊಂಡೆ. ಅವನು ಹೇಳಿದ್ದು ಎರಡೇ ಮಾತು. ಮೊದಲನೇದು, ಕೀಲಿ ಕೊಡಣ್ಣ, ಇನ್ನು ಈ ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಬೇಡ. ಕೊಟ್ಟೆ. ಎರಡನೇದು, ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ. ನಾನು ಆಗಲ್ಲ ಅಂದೆ. ಆಣೆ ಹಾಕಿಸ್ಕೊಂಡ."

"ಮಾವ ಯಾಕೆ ಹಾಗೆ ಮಾಡಿದ್ರು?"

"ಅದನ್ನೇ ನಾನೂ ಕೇಳಿದೆ. ನನ್ನ ಮನೇಲಿ ಒಂದು ಹುಡುಗಿ ಓಡಾಡ್ಕೊಂಡು, ಬಾಯಿ ಬಡ್ಕೊಂಡು ಇದೆಯಲ್ಲ, ಆ ಸದ್ದಿನ ಮುಂದೆ ಗ್ಯಾರೇಜಿನ ಸದ್ದು ಯಾವ ಲೆಕ್ಕ, ಅಂದ."

ಅಲ್ಲಿಗೆ ನಂಗೆ ಮಾತು ನಿಂತುಹೋಯ್ತು. ನನ್ನ ಬಾಯಿ ಮುಚ್ಚಿಸೋಕೆ ಇಷ್ಟು ವರ್ಷ ಒದ್ದಾಡಿದವರೆಲ್ಲ ಬಂದು ನೋಡಬೇಕಿತ್ತು.

ಆ ಶಾಫ್ಟ್ ಮಾವ ಯಾಕೆ ಅಷ್ಟು ಆಸ್ಥೆಯಿಂದ ಮಾಡಿಸಿದ್ರು ಅನ್ನೋದೂ ಆಗ ಹೊಳೀತು. ಗಾಜಮ್ಮ ಕೇಳಿರ್ಲಿಲ್ಲ, ಗಾಡಿ ನಡುಗುತ್ತೆ ಅಂತ ತಾತ ಒಂದ್ಸಲ ಬಾಯಿಮಾತಿಗೆ ಅಂದಿದ್ರು ಅಷ್ಟೇ. ಕುಲುಕದ ಕೈಗೆ ಕುಲುಕೋ ಗಾಡಿ ಬೇಡ ಅಂತ ಮಾವ ತಾವೇ ಹೊರಟಿದ್ದು. ನಮ್ಮ ಮಾವ ಥ್ಯಾಂಕ್ಸ್ ಅಂತ ಬಾಯಲ್ಲಿ ಹೇಳಿದ್ದನ್ನ ನಾನು ಯಾವತ್ತೂ ಕೇಳಿಲ್ಲ. ಅವರದು ಹೀಗೇ, ಒಂದೇ ಉದ್ದ ಶಾಫ್ಟಲ್ಲಿ ಹೇಳ್ತಾರೆ.

ನಾನು ಎದ್ದೆ. ಎಳೇನ ಮತ್ತೆ ಬೆರಳಿಗೆ ಸುತ್ಕೊಂಡೆ. ಸ್ಪ್ಯಾನರನ್ನ ಮಾತ್ರ ಮುಟ್ಲಿಲ್ಲ. ತಾತ ತಡೀಲಿಲ್ಲ. "ನೀನು ಏನು ಹೇಳಿದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ ಮರಿ," ಅಂದ್ರು, ನಾನು ಬಾಗಿಲಲ್ಲಿ ಎಡಕ್ಕೆ ಸರಿದಿದ್ದು ಗೊತ್ತಾಗದೇ, ನಾನು ಕೂತಿದ್ದ ಖಾಲಿ ಸ್ಟೂಲಿಗೆ.

ಗ್ಯಾರೇಜಿನವರೆಗೂ ನಡೆದೇ ಹೋದೆ. ದಾರಿಯುದ್ದಕ್ಕೂ ಲೆಕ್ಕ ಹಾಕ್ತಿದ್ದೆ, ಲೆಕ್ಕ ಕೂಡ್ತಾನೇ ಇರ್ಲಿಲ್ಲ. ನಿಜ ಹೇಳಿದ್ರೆ ಮಾವನ ಬಾಗಿಲು ಉಳಿಯುತ್ತೆ, ತಾತ ಕಂಬಿ ಎಣಿಸ್ತಾರೆ. ಕಣ್ಣಿನ ತೊಂದ್ರೆ ಮುಚ್ಚಿಟ್ಟು ಗಾಡಿ ಓಡಿಸಿದ್ದು ಒಂದು, ಸಾಕ್ಷಿ ತಿರುಚಿದ್ದು ಇನ್ನೊಂದು. ಸುಳ್ಳು ಹೇಳಿದ್ರೆ ತಾತ ಉಳೀತಾರೆ, ಮಾವ ಮಾಡದ ತಪ್ಪಿಗೆ ತಲೆ ಕೊಡ್ತಾರೆ. ಕಾಲು ಮುರ್ಕೊಂಡು ಮಲಗಿರೋನಿಗೆ ತನ್ನ ಕಾಲು ಯಾಕೆ ಮುರೀತು ಅನ್ನೋದು ಯಾವತ್ತೂ ಗೊತ್ತಾಗಲ್ಲ. ಮತ್ತೆ ಅತ್ತೆ. ಅತ್ತೆ ಇವತ್ತಿನವರೆಗೂ ಒಂದು ಸುಳ್ಳು ವರದಿಗೂ ರುಜು ಹಾಕಿದವರಲ್ಲ. ಇವತ್ತು ನನ್ನ ಕಣ್ಣು ನಂಬಿ ಹಾಕ್ತಾರೆ.

ಮೂರು ಜನಾನೂ ನನ್ನನ್ನ ಸಾಕಿದವರೇ. ಒಬ್ಬರು ಜೀವ ಉಳಿಸಿದ್ರು, ಒಬ್ಬರು ಅನ್ನ ಹಾಕಿದ್ರು, ಒಬ್ಬರು ನಿಜ ಹೇಳೋಕೆ ಕಲಿಸಿದ್ರು. ಇಷ್ಟು ಪುಣ್ಯ ಪಡೆದ ಹುಡುಗಿ ಬೀದೀಲಿ ಹೀಗೆ ಅಳ್ತಾ ಹೋಗೋದಾ ಅಂತ ನಂಗೇ ನಾಚಿಕೆ ಆಯ್ತು, ಮುಖ ಒರೆಸ್ಕೊಂಡೆ.

ಗ್ಯಾರೇಜಿನ ಮುಂದೆ ಸಾಹೇಬ್ರ ಜೀಪು ಆಗ್ಲೇ ಬಂದು ನಿಂತಿತ್ತು. ಸಾಹೇಬ್ರು ಹಿಂದೆ ಅತ್ತೆ ಕೈಕೆಳಗೆ ಕೆಲಸ ಕಲಿತವರು, ಈಗ್ಲೂ ಅವರ ಮುಂದೆ ಕುರ್ಚಿ ತುದೀಲೇ ಕೂರ್ತಾರೆ. ಮೇಡಮ್ ಪರೀಕ್ಷೆ ಮಾಡಿದ್ಮೇಲೆ ನಾನು ಮತ್ತೆ ಗಾಡಿ ಕೆಳಗೆ ನುಗ್ಗೋದೇನಿದೆ, ನೀವು ಹೇಳಿದ್ದೇ ಬರ್ಕೋತೀನಿ, ಅಂತಿದ್ರು. ಪೆನ್ನಿನ ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಮೇಣ, ಮೊಹರು.

ಮಾವ ಒಳಗಡೆ ನಿಂತಿದ್ರು, ಒಂದೊಂದೇ ಸ್ಪ್ಯಾನರ್ ಒರೆಸಿ ಗೋಡೆಗೆ ತಗುಲಿಸ್ತಾ. ಊರಿಗೆ ಹೊರಟವರು ಮನೆ ಗುಡಿಸಿಡ್ತಾರಲ್ಲ, ಹಾಗೆ.

"ಬಂದ್ಲು ನಮ್ಮ ಮಂಡಿ," ಅಂದ್ರು ಅತ್ತೆ. ಸಾಹೇಬ್ರು ನಕ್ಕರು. ಅತ್ತೆ ನಗ್ಲಿಲ್ಲ. "ಬೆಸುಗೆ ಸರಿಯಿದೆ, ಅದು ನನ್ನ ಕಿವೀಲೇ ಕೇಳಿದೀನಿ. ಉಳಿದಿದ್ದು ಒಂದೇ. ತಗಡು ಒರೆಸಿ ನೋಡ್ದೆಯಾ?"

ನೋಡ್ದೆ ಅಂದೆ.

ಅತ್ತೆಯ ಹಿಂದೆ ಮಾವನ ಕೈ ನಿಂತಿತ್ತು. ಅವರು ನನ್ನ ಮುಖ ನೋಡಿದ್ರು, ಬೆರಳಿನ ಹಸಿರು ಎಳೆ ನೋಡಿದ್ರು, ನಾನು ಎಲ್ಲಿಂದ ಬರ್ತಿದೀನಿ ಅನ್ನೋದು ಅವರಿಗೆ ಅರ್ಥ ಆಯ್ತು. ಕಂಡೂ ಕಾಣದ ಹಾಗೆ ತಲೆ ಅಡ್ಡಡ್ಡ ಆಡಿಸಿದ್ರು. ಬೇಡ.

ಅಷ್ಟರಲ್ಲಿ ಗೇಟಿನ ಹತ್ರ ಏನೋ ಅಲುಗಿದ ಹಾಗಾಯ್ತು. ತುಳುಕಪ್ಪ ತಾತ. ಎಡಗೈಯಲ್ಲಿ ಗೋಡೆ ಸವರ್ಕೊಂಡು ಅಷ್ಟು ದೂರ ನಡೆದೇ ಬಂದಿದ್ರು. ಕಂಕುಳಲ್ಲಿ ಹಸಿರು ಕಂಬಳಿ ಸುತ್ತಿದ ಗಂಟು. ಮಾವನಿಗೆ ಕೊಟ್ಟ ಮಾತು ಬಾಯಿಗೆ ಸೇರಿದ್ದು, ಕಾಲಿಗಲ್ಲ. ಆದ್ರೆ ಗೇಟು ದಾಟ್ಲಿಲ್ಲ. ಅಲ್ಲೇ ನಿಂತು, ನಾನೆಲ್ಲಿದೀನಿ ಅಂತ ತಲೆ ತಿರುಗಿಸ್ತಾ ಹುಡುಕ್ತಿದ್ರು. ನಾನು ಅವರ ಎಡಕ್ಕೇ ಇದ್ದೆ.

ಅತ್ತೆ ಗೇಟಿನ ಕಡೆ ನೋಡ್ಲಿಲ್ಲ, ಅವರ ಕಣ್ಣು ನನ್ನ ಮೇಲೇ ಇತ್ತು.

"ಸಾಹೇಬ್ರು ಕಾಯ್ತಿದಾರೆ," ಅಂದ್ರು, ಊರುಗೋಲನ್ನ ತೊಡೆ ಮೇಲೆ ಅಡ್ಡ ಇಟ್ಕೊಂಡು. "ಒಂದೇ ಮಾತಲ್ಲಿ ಹೇಳು. ತಗಡಲ್ಲಿ ಏಟಿತ್ತಾ, ಇರ್ಲಿಲ್ವಾ?"

ಸಾಹೇಬ್ರ ಪೆನ್ನು ಕಾಗದಕ್ಕೆ ತಾಗಿತ್ತು. ನಾನು ಬಾಯಿ ತೆಗೆದೆ.

ಈಗ ಹೇಳಿ. ನನ್ನ ಜಾಗದಲ್ಲಿ ನೀವಿದ್ದಿದ್ರೆ, ಆ ಹಸಿರು ಎಳೇನ ಬೆರಳಲ್ಲಿ ಸುತ್ಕೊಂಡು ಅತ್ತೆ ಎದುರಿಗೆ ನಿಂತಿದ್ದಿದ್ರೆ, ಏನಂತಿದ್ರಿ?